ಚಿಕ್ಕಪ್ಪ ಸೇವೆಗೆ ಹೋದದ್ದು

ಮೊನ್ನೆ ಬೆಳಿಗ್ಗೆ ಕೋಲಾರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ದಂಟಿನ ಸೊಪ್ಪಿಗೆ ಚೌಕಾಸಿ ಮಾಡುತ್ತ ನಿಂತಿದ್ದೆ. ಪಕ್ಕದಲ್ಲಿ ಒಂದು ಟೆಂಪೋ ಬಂದು ನಿಂತಿತು. ಅದರ ತುಂಬ ಹಿಪ್ಪುನೇರಳೆ ಸೊಪ್ಪು, ಬಾಡದಿರಲಿ ಅಂತ ಮೇಲೆ ಹೊದಿಸಿದ ಒದ್ದೆ ಗೋಣಿತಾಟು. ಗಾಳಿ ಈ ಕಡೆ ತಿರುಗಿದ್ದೇ ತಡ, ಆ ವಾಸನೆ ಬಂತು ನೋಡಿ. ಹಸಿ ಹಾಲಿನಂಥದ್ದು, ಸ್ವಲ್ಪ ಒಗರು, ಬೆಳಕು ಬೀಳದ ಕೋಣೆಯ ತಂಪು ಸೇರಿದ್ದು. ಸೊಪ್ಪಿನ ಕಟ್ಟು ಕೈಯಲ್ಲಿ ಹಿಡಿದವಳು ಹಾಗೇ ನಿಂತುಬಿಟ್ಟೆ. ಸೊಪ್ಪಿನವಳು ತಗೊಂತೀಯೋ ಇಲ್ಲವೋ ಅಂತ ಎರಡು ಸಲ ಕೇಳಿದಳಂತೆ. ನಾನು ಅಲ್ಲಿದ್ದರೆ ತಾನೇ ಹೇಳುವುದು? ಹುತ್ತೂರಿನ ಕಡೆ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ, ರೇಷ್ಮೆ ಹುಳುವಿನ ತಟ್ಟೆಗಳ ಸ್ಟ್ಯಾಂಡಿನ ಕೆಳಗೆ, ಕಾಲು ಚಾಚಿಕೊಂಡು ಮಲಗಿದ್ದೆ. ಮೇಲೆ ಸಾವಿರಾರು ಬಾಯಿ ಸೊಪ್ಪು ತಿನ್ನುವ ಸದ್ದು, ಎಲ್ಲೋ ದೂರದ ಹೊಲಕ್ಕೆ ಸಣ್ಣ ಮಳೆ ಹಿಡಿದ ಹಾಗೆ. ಎದುರಿನ ಗೋಡೆಯ ಗೂಟದಲ್ಲಿ ಬಟ್ಟೆಯ ಚೀಲದೊಳಗೆ ತಾತನ ನಾಗಸ್ವರ. ತೊಲೆಯಿಂದ ಇಳಿಬಿಟ್ಟ ಅಪ್ಪನ ಡೋಲು. ಮೂಲೆಯಲ್ಲಿ ಶ್ರುತಿಪೆಟ್ಟಿಗೆ. ಅದರ ಮೇಲೆ ಅಜ್ಜಿ ಒಣಗಲು ಹರಡಿದ ಅವರೆಕಾಳು.

ನಮ್ಮದು ಓಲಗದವರ ಮನೆ. ತಾತ ನಾಗಸ್ವರ, ತಾತನ ಅಪ್ಪನೂ ನಾಗಸ್ವರ. ಅದಕ್ಕೂ ಹಿಂದಿನವರ ಹೆಸರು ಯಾರಿಗೂ ನೆನಪಿಲ್ಲ, ಆದರೆ ಅವರೂ ಊದಿಯೇ ಇರಬೇಕು. ಊರಿನ ವೆಂಕಟರಮಣಸ್ವಾಮಿ ಗುಡಿಯಲ್ಲಿ ಬೆಳಗಿನ ಸೇವೆ ನಮ್ಮ ಮನೆಯದು. ಕತ್ತಲು ಹರಿಯುವ ಮೊದಲೇ ಹೋಗಿ ದೇವರಿಗೆ ಭೂಪಾಳ ರಾಗ ಊದಿ ಎಬ್ಬಿಸಬೇಕು. ಆಮೇಲೆ ಊರು ಏಳುತ್ತಿತ್ತು, ಹಾಲಿನ ಡೈರಿಯ ಬಾಗಿಲು ತೆಗೆಯುತ್ತಿತ್ತು. ನಮ್ಮ ಮನೆಯಲ್ಲಿ ಊಟತಿಂಡಿಯ ಮಾತು ಕನ್ನಡದಲ್ಲಿ, ಸಂಗೀತದ ಮಾತು ಮತ್ತು ಬೈಗುಳ ಎರಡೂ ತೆಲುಗಿನಲ್ಲಿ. ಸೇವೆ ಎಂಬ ಮಾತು ಮಾತ್ರ ಎರಡು ಭಾಷೆಗೂ ಸೇರಿದ್ದು, ಅದಕ್ಕೆ ಇದ್ದದ್ದು ಒಂದೇ ಅರ್ಥ. ಸೇವೆಗೆ ಹೊತ್ತಾಯ್ತು ಅಂದರೆ ಗುಡಿಗೆ ಹೊತ್ತಾಯ್ತು ಅಂತ. ಬೇರೆ ಸೇವೆ ಅಂತ ಒಂದು ಈ ಭೂಮಿಯ ಮೇಲಿದೆ ಅಂತ ತಾತನಿಗೆ ಗೊತ್ತೇ ಇರಲಿಲ್ಲ ಅನ್ನಿ.

ನನಗೆ ಬುದ್ಧಿ ಬರುವ ಹೊತ್ತಿಗೆ ತಾತನ ಮುಂದಿನ ಹಲ್ಲುಗಳು ಒಂದೊಂದಾಗಿ ಹೋಗಿದ್ದವು. ಹಲ್ಲಿನ ಆಸರೆ ಇಲ್ಲದೆ ತುಟಿ ನಾಗಸ್ವರವನ್ನು ಹಿಡಿಯುವುದಿಲ್ಲ. ಉಸಿರು ಎಷ್ಟಿದ್ದರೂ ಪಕ್ಕಕ್ಕೆ ಸೋರಿಹೋಗುತ್ತದೆ. ಅಪ್ಪನಿಗೆ ಕೈಯಲ್ಲಿ ಲಯ ಇತ್ತು, ಬಾಯಲ್ಲಿ ಸ್ವರ ಇರಲಿಲ್ಲ. ಹೆಣ್ಣುಮಕ್ಕಳು ಊದುವ ಪದ್ಧತಿ ಇಲ್ಲ. ಹಾಗಾಗಿ ತಾತ ಶ್ರುತಿಪೆಟ್ಟಿಗೆ ಒತ್ತುವವನಾದ, ಅಪ್ಪ ಡೋಲಿಗೆ ನಿಂತ, ಮತ್ತು ಇಡೀ ಮನೆತನದ ಉಸಿರು ಒಬ್ಬನ ಎದೆಯಲ್ಲಿ ಉಳಿಯಿತು. ಅವನೇ ಅಪ್ಪನ ತಮ್ಮ, ನನ್ನ ಚಿಕ್ಕಪ್ಪ ಸೀನ.

ಚಿಕ್ಕಪ್ಪನಿಗೆ ಆಗ ಹುಡುಗುವಯಸ್ಸು. ಕುತ್ತಿಗೆಯವರೆಗೆ ಗುಂಗುರು ಕೂದಲು, ಅದಕ್ಕೆ ಹಚ್ಚುವ ಎಣ್ಣೆಯಲ್ಲಿ ಮರುಗ ಹಾಕಿ ಕಾಯಿಸಿಕೊಡುತ್ತಿದ್ದವಳು ಅಮ್ಮ. ನಾಗಸ್ವರ ಎತ್ತಿ ತಲೆ ಹಿಂದಕ್ಕೆ ಎಸೆದರೆ ಆ ಕೂದಲೂ ಒಂದು ಸುತ್ತು ರಾಗ ಹಾಡುತ್ತದೆ ಅಂತ ಜನ ಹೇಳುತ್ತಿದ್ದರು. ರೇಡಿಯೋದವರ ಪರೀಕ್ಷೆಯಲ್ಲೂ ಪಾಸಾಗಿದ್ದ. ಮಾಲೂರಿನಿಂದ, ಮುಳಬಾಗಿಲಿನಿಂದ ಮದುವೆಯವರು ಛತ್ರ ಗೊತ್ತು ಮಾಡುವ ಮೊದಲೇ ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಆದರೆ ಮನೆಯೊಳಗೆ ಅವನಿಗೆ ಅಷ್ಟು ಬೆಲೆ ಇರಲಿಲ್ಲ. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ತಿನ್ನುವುದು ಬಿಟ್ಟು ತಲೆಯೆತ್ತಿ ಸುಮ್ಮನೆ ನಿಲ್ಲುತ್ತದಲ್ಲ, ಜ್ವರಕ್ಕೆ ಕೂತಿದೆ ಅನ್ನುತ್ತಾರೆ ಅದಕ್ಕೆ. ಹುಳು ಜ್ವರಕ್ಕೆ ಕೂತಾಗ ಮನೆಯಲ್ಲಿ ಒಗ್ಗರಣೆ ಹಾಕಬಾರದು, ಜೋರಾಗಿ ಮಾತಾಡಬಾರದು, ನಾಗಸ್ವರ ಮುಟ್ಟಲೇಬಾರದು. ಅದು ಅಜ್ಜಿಯ ಕಾನೂನು. ಚಿಕ್ಕಪ್ಪ ಚೀಲವನ್ನು ಹೆಗಲಿಗೆ ಹಾಕಿಕೊಂಡು ಊರಾಚೆಯ ಬಂಡೆಗೆ ಹೊರಡುವಾಗ ಹೊಸ್ತಿಲಲ್ಲಿ ನಿಂತು, "ಹುಳಕ್ಕಿರೋ ಮರ್ಯಾದೆ ಈ ಮನೇಲಿ ವಿದ್ವಾನ್‌ಗಿಲ್ಲ ಕಣೇ ಪದ್ದಿ" ಅಂತ ನನಗೆ ಹೇಳುತ್ತಿದ್ದ. ಅಜ್ಜಿ ಒಳಗಿನಿಂದಲೇ, ಹುಳ ಗೂಡಾದರೂ ಕಟ್ಟುತ್ತೆ, ನೀನೇನು ಕಟ್ಟಿದೀಯ ಅಂತ ಪಿಸುಮಾತಿನಲ್ಲೇ ಬೈಯುತ್ತಿದ್ದಳು. ಪಿಸುಮಾತಿನಲ್ಲಿ ಬೈಯುವುದನ್ನು ನಾನು ಆ ಮನೆಯಲ್ಲಿ ಬಿಟ್ಟು ಇನ್ನೆಲ್ಲೂ ಕೇಳಿಲ್ಲ.

ಆ ಬಂಡೆಯ ಮೇಲೆ ಕೂತು ಅವನು ಊದಿದರೆ ಎದುರಿನ ಗುಡ್ಡ ಅದನ್ನು ಸ್ವಲ್ಪ ತಡೆದು ಹಿಂದಕ್ಕೆ ಕೊಡುತ್ತಿತ್ತು. ತಿಂಡಿ ಕೊಡಲು ಹೋದವಳು ನಾನು ಎಷ್ಟೋ ಸಲ ಇಬ್ಬರು ಚಿಕ್ಕಪ್ಪಂದಿರಿದ್ದಾರೆ, ಒಬ್ಬ ಇಲ್ಲಿ, ಒಬ್ಬ ಗುಡ್ಡದೊಳಗೆ ಅಂದುಕೊಂಡಿದ್ದೇನೆ. ಆಮೇಲಾಮೇಲೆ ಒಂದು ಬೇಸಿಗೆಯಲ್ಲಿ ನಾನು ಹೋದಾಗ ರಾಗವೇ ಇರುತ್ತಿರಲಿಲ್ಲ. ನಾಗಸ್ವರ ಬಂಡೆಯ ನೆರಳಲ್ಲಿ ಮಲಗಿರುತ್ತಿತ್ತು, ಚಿಕ್ಕಪ್ಪ ಕೆರೆಯ ಕಟ್ಟೆಯ ಮೇಲೆ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದ. ಬೆವರು ಸುರಿಸಿಕೊಂಡು ಬಂದು ರೊಟ್ಟಿ ತಿನ್ನುತ್ತಿದ್ದ. ಓಡಿದರೆ ದಮ್ಮು ಹೆಚ್ಚುತ್ತೆ, ಉದ್ದುದ್ದ ಊದಬಹುದು ಅಂತ ಹೇಳಿದ. ನಾನೂ ನಂಬಿದೆ. ಸುಳ್ಳೇನೂ ಅಲ್ಲವಲ್ಲ ಅದು.

ಅವನೊಳಗೆ ಏನು ಓಡುತ್ತಿತ್ತು ಅನ್ನುವುದು ಗೊತ್ತಾಗಬೇಕಾದರೆ ನಮ್ಮವರ ಊಟದ ಸಂಗತಿ ಹೇಳಬೇಕು. ಶ್ರೀನಿವಾಸಪುರದ ಕಡೆ ಒಂದು ದೊಡ್ಡ ಮನೆಯ ಮದುವೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮಾವಿನ ಕಾಲ. ಚಪ್ಪರದ ತುಂಬ ಹಣ್ಣಿನ ವಾಸನೆ, ಜೇನುನೊಣ. ಆ ಸಂಜೆ ವರಪೂಜೆಯಲ್ಲಿ ಚಿಕ್ಕಪ್ಪ ತೋಡಿ ರಾಗ ಎತ್ತಿಕೊಂಡ. ಹರಟುತ್ತಿದ್ದ ಜನ ಒಬ್ಬೊಬ್ಬರಾಗಿ ಸುಮ್ಮನಾದರು, ಕೊನೆಗೆ ಮಕ್ಕಳೂ ಸುಮ್ಮನಾದವು. ಹುಡುಗನ ಕಡೆಯ ಹಿರಿಯರೊಬ್ಬರು ಕಣ್ಣೊರೆಸಿಕೊಂಡು ಎದ್ದು ಬಂದು ತಮ್ಮ ಹೆಗಲ ಶಾಲು ತೆಗೆದು ಅವನಿಗೆ ಹೊದಿಸಲು ಹೋದವರು, ಅರ್ಧ ಗಜ ದೂರದಲ್ಲಿ ತಡೆದು ನಿಂತು, ಅದನ್ನು ಅವನ ತೊಡೆಯ ಮೇಲೆ ಹಾಕಿದರು. ಕೆಟ್ಟವರಲ್ಲ, ಪಾಪ. ಕೈಗೆ ಅಷ್ಟೇ ದೂರ ರೂಢಿಯಾಗಿತ್ತು. ಬಾಯಿಂದ ಊದುವ ವಾದ್ಯ, ಎಂಜಲಿನ ವಾದ್ಯ. ಊಟಕ್ಕೆ ನಮ್ಮದು ಯಾವಾಗಲೂ ಕೊನೆಯ ಪಂಕ್ತಿ. ಅದೂ ಒಳಗಲ್ಲ, ಹಿತ್ತಿಲ ರುಬ್ಬುವ ಕಲ್ಲಿನ ಹತ್ತಿರ. ಅನ್ನ ಆರಿತ್ತು. ಪಾಯಸದಲ್ಲಿ ದ್ರಾಕ್ಷಿ ಎಲ್ಲಿ ಅಂತ ನಾನು ಎಲೆಯಲ್ಲಿ ಬೆರಳಾಡಿಸುತ್ತಿದ್ದೆ. "ನಮ್ಮ ಪಂಕ್ತಿಗೆ ಬರೋ ಹೊತ್ತಿಗೆ ದ್ರಾಕ್ಷಿ ಈಜು ಕಲಿತು ಹೊರಟೋಗಿರ್ತದೆ ಬಿಡು" ಅಂದ ಚಿಕ್ಕಪ್ಪ. ನಾವೆಲ್ಲ ನಕ್ಕೆವು. ತಾತನೂ ನಕ್ಕ, ಹಲ್ಲಿಲ್ಲದ ಬಾಯಿ ತೆರೆದು. ಚಿಕ್ಕಪ್ಪ ಮಾತ್ರ ನಗಿಸಿದವನು ನಗಲಿಲ್ಲ. ಶಾಲನ್ನು ಮಡಿಸಿ, ಕಲ್ಲಿನ ಮೇಲಿಟ್ಟು, ಅಲ್ಲೇ ಬಿಟ್ಟು ಬಂದ. ಅಜ್ಜಿ ಆ ಶಾಲಿಗಾಗಿ ತುಂಬ ದಿನ ಗೊಣಗುತ್ತಿದ್ದಳು.

ಆ ದಿನಗಳಲ್ಲೇ ನಮ್ಮ ಗುಡಿಯ ಅರ್ಚಕರು ಒಂದು ಸುದ್ದಿ ತಂದರು. ತಿರುಪತಿಯ ಕಡೆ ದೊಡ್ಡ ದೇವಸ್ಥಾನವೊಂದರಲ್ಲಿ ನಿತ್ಯ ಸೇವೆಗೆ ನಾಗಸ್ವರದವರು ಬೇಕಾಗಿದ್ದಾರೆ, ಸೀನನಿಗೆ ಆಗಬಹುದು ಅಂತ. ಅಂದಿನಿಂದ ತಾತ ಹಗಲುಗನಸಿನಲ್ಲೇ ತಿರುಗಿದ. ಶ್ರುತಿಪೆಟ್ಟಿಗೆಯನ್ನು ಗಳಿಗೆಗೊಮ್ಮೆ ಒರೆಸುವುದು, ಆ ದೇವಸ್ಥಾನದ ಪ್ರಾಕಾರ ಎಷ್ಟು ದೊಡ್ಡದು, ಅಲ್ಲಿ ಊದಿದರೆ ನಾದ ಹೇಗೆ ಗೋಪುರ ಹತ್ತುತ್ತದೆ ಅಂತ ನನಗೆ ಹೇಳುವುದು. ತಾನು ಹರೆಯದಲ್ಲಿ ಹೋಗಬೇಕಿದ್ದ ಜಾಗ ಅದು, ಮಗನಾದರೂ ಹೋಗಲಿ. ಅಷ್ಟರಲ್ಲಿ ಚಿಕ್ಕಪ್ಪ ಬೆಂಗಳೂರಿನಲ್ಲಿ ಕೆಲಸವಿದೆ ಅಂತ ಹೇಳಿ ಹೋದ. ಎರಡು ಸಲ ಹೋದ. ಎರಡನೆಯ ಸಲ ಸಂಜೆ ಬಸ್ಸಿಗೆ ಬಂದವನು ಜಗಲಿಯಲ್ಲಿ ಕೂತಿದ್ದ ತಾತನ ಮುಂದೆ ನಿಂತು, ನೆಲ ನೋಡುತ್ತ, "ನಾಯ್ನಾ, ಸೇವೆಗೆ ತಗೊಂಡ್ರು" ಅಂದ. ನಮ್ಮ ಕಡೆ ಅಪ್ಪನನ್ನು ನಾಯ್ನಾ ಅನ್ನುವುದುಂಟು. ತಾತ ಯಾವ ಸೇವೆ ಅಂತ ಕೇಳಲಿಲ್ಲ. ಯಾಕೆ ಕೇಳುತ್ತಾನೆ? ಎದ್ದು ಮಗನ ಎರಡೂ ಕೆನ್ನೆ ಸವರಿ ನೆಟಿಗೆ ತೆಗೆದ. ಅಜ್ಜಿಯನ್ನು ಕೂಗಿದ. ಆ ಸಂಜೆಯೇ ಬೆಲ್ಲ, ಹುರಿಗಡಲೆ ಬೆರೆಸಿಕೊಂಡು ನನ್ನ ಕೈಹಿಡಿದು ಮನೆಮನೆಗೆ ಹೊರಟ. ಸೀನನ್ನ ಸ್ವಾಮಿ ಕರೆಸಿಕೊಂಡ, ದೊಡ್ಡ ಸೇವೆ ಸಿಕ್ತು ಅಂತ ಪ್ರತಿ ಬಾಗಿಲಲ್ಲೂ ಹೇಳಿದ. ಮನೆಗೆ ಬಂದಾಗ ಅಮ್ಮ ಪಾಯಸ ಮಾಡಿದ್ದಳು. ಒಲೆಯ ಬೆಳಕಲ್ಲಿ ಚಿಕ್ಕಪ್ಪ ತಲೆಯೆತ್ತದೆ ಪಾಯಸ ತಿಂದ. ಬಡಿಸಿದಷ್ಟೂ ತಿಂದ. ಸುಳ್ಳು ಹೇಳಿದವನ ಹಾಗಲ್ಲ, ಹೇಳಿದ ನಿಜ ದಾರಿ ತಪ್ಪಿ ಊರೆಲ್ಲ ಸುತ್ತುತ್ತಿರುವುದನ್ನು ನೋಡುತ್ತ ಕೂತವನ ಹಾಗೆ.

ಕೆಲವು ದಿನದ ಮೇಲೆ ಅವನು ಕೋಲಾರಕ್ಕೆ ಹೋಗಿ ಕೂದಲು ಕತ್ತರಿಸಿಕೊಂಡು ಬಂದ. ಗುಂಗುರೆಲ್ಲ ಹೋಗಿ ತಲೆ ಕಟಾವಾದ ರಾಗಿಹೊಲದ ಹಾಗಿತ್ತು. ಅಂಗಳದಲ್ಲಿ ಸೊಪ್ಪು ಹೆಚ್ಚುತ್ತಿದ್ದ ಅಮ್ಮನ ಕೈ ನಿಂತಿತು. ತಾತ ಮಾತ್ರ ಕಣ್ಣು ಕಿರಿದು ಮಾಡಿ ನೋಡಿ ನಕ್ಕ. "ಏನ್ಲಾ ಇದು, ಬೆಟ್ಟ ಹತ್ತೋಕೆ ಮುಂಚೇನೇ ಮುಡಿ ಕೊಟ್ಬಿಟ್ಯಾ?"

ಅಪ್ಪನೂ ನಕ್ಕ. ಚಿಕ್ಕಪ್ಪ ಆ ನಗು ಮುಗಿಯುವವರೆಗೆ ಕಾದ.

"ಆ ಸೇವೆ ಅಲ್ಲ ನಾಯ್ನಾ. ಮಿಲಿಟರಿ."

ಅಪ್ಪ ತಡವರಿಸಿಕೊಂಡು, ಬ್ಯಾಂಡಿಗಾ ಅಂತ ಕೇಳಿದ. ಪರೇಡಿನಲ್ಲಿ ಊದುವವರನ್ನು ಅವನು ನೋಡಿದ್ದ. ಇಲ್ಲಣ್ಣ, ಬಂದೂಕಿಗೆ ಅಂದ ಚಿಕ್ಕಪ್ಪ. ಬ್ಯಾಂಡಿಗೆ ಬರ್ತೀಯಾ ಅಂತ ಕೇಳಿದರಂತೆ, ಇವನೇ ಬೇಡ ಅಂದನಂತೆ. ಅಲ್ಲಿಯೂ ಊದಿಕೊಂಡೇ ಇರಬೇಕಾ ಅಂದ. ಆಮೇಲೆ ಯಾರೂ ಕೇಳದಿದ್ದರೂ ಬೆಂಗಳೂರಿನ ಮೈದಾನದ ಸಂಗತಿ ಹೇಳತೊಡಗಿದ. ಓಡಿಸಿದರಂತೆ, ಹಾರಿಸಿದರಂತೆ. ಎದೆ ಉಬ್ಬಿಸು ಅಂದಾಗ ಇವನು ಉಸಿರೆಳೆದದ್ದು ನೋಡಿ ಟೇಪು ಹಿಡಿದವನು ಸಾಕು ಸಾಕು ನಿಲ್ಲಿಸೋ, ಟೇಪು ಹರಿದುಹೋಗುತ್ತೆ ಅಂದನಂತೆ. ಹೇಳುವಾಗ ಅವನ ಮುಖದಲ್ಲಿ ಒಂದು ಹೆಮ್ಮೆ ಬಂತು. ತಾತ ತಲೆಯೆತ್ತಿದ.

"ಆ ಎದೆ ಯಾರ್ದು?"

"ನಿಂದೇ ನಾಯ್ನಾ. ಅದಕ್ಕೇ ತಗೊಂಡೋಯ್ತಿದೀನಿ. ಅಲ್ಲಿ ತಟ್ಟೆ ಹಿಡ್ಕೊಂಡು ಎಲ್ರೂ ಒಂದೇ ಸಾಲಲ್ಲಿ ನಿಲ್ತಾರಂತೆ."

ಅಷ್ಟೇ. ಅವನು ಜಗಳಕ್ಕೆ ತಂದಿದ್ದ ಮಾತು ಅದೊಂದೇ. ತಾತ ಆ ದಿನದಿಂದ ಮಗನ ಜೊತೆ ಮಾತು ಬಿಟ್ಟ. ಬೆಳಗಿನ ಸೇವೆಗೆ ಮೂವರೂ ಹೋಗುತ್ತಿದ್ದರು. ದಾರಿಯುದ್ದಕ್ಕೂ ತಾತ ಮುಂದೆ, ಅಪ್ಪ ನಡುವೆ, ಚಿಕ್ಕಪ್ಪ ಹಿಂದೆ, ಮಂಜಿನಲ್ಲಿ ಮೂರು ನೆರಳು. ಗುಡಿಯಲ್ಲಿ ಶ್ರುತಿಪೆಟ್ಟಿಗೆ ಹಿಡಿದ ತಾತನ ಸ್ವರಕ್ಕೇ ಚಿಕ್ಕಪ್ಪ ತನ್ನ ಸ್ವರ ಸೇರಿಸಬೇಕು. ಮಾತಿಲ್ಲದವರಿಬ್ಬರು ಅಲ್ಲಿ ಮಾತ್ರ ಕೂಡುತ್ತಿದ್ದರು. ಅಷ್ಟು ಸುಭಗವಾಗಿ ಚಿಕ್ಕಪ್ಪ ಅದಕ್ಕೆ ಮುಂಚೆ ಎಂದೂ ಊದಿರಲಿಲ್ಲ ಅಂತ ಅರ್ಚಕರು ಬಹಳ ವರ್ಷದ ಮೇಲೂ ಹೇಳುತ್ತಿದ್ದರು. ಮನೆಯಲ್ಲಿ ಎಲ್ಲರಿಗೂ ಇದ್ದ ಭಯ ಒಂದೇ. ತಾತ ಹೀಗೇ ಬಾಯಿ ಮುಚ್ಚಿಕೊಂಡಿದ್ದು, ಮಗ ಆಶೀರ್ವಾದವಿಲ್ಲದೆ ಹೋಗಿಬಿಟ್ಟರೆ? ಬಂದೂಕಿನ ಕೆಲಸಕ್ಕೆ ಅಪ್ಪನ ಮುನಿಸು ಹೊತ್ತು ಹೋಗಬಾರದು ಅಂತ ಅಜ್ಜಿ ಹುಳುವಿಗೆ ಸೊಪ್ಪು ಹಾಕುತ್ತ, ಹುಳುವಿಗೇ ಹೇಳುತ್ತಿದ್ದಳು.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ. ಚಿಕ್ಕಪ್ಪ ಹೋದ. ಉತ್ತರದ ಯಾವುದೋ ಊರಿನಲ್ಲಿ ತರಬೇತಿ. ಆ ಊರಿನ ಹೆಸರು ಅಜ್ಜಿಯ ಬಾಯಲ್ಲಿ ದಿನಕ್ಕೊಂದಾಗುತ್ತಿತ್ತು. ಮೊದಲ ರಜೆಗೆ ಬಂದಾಗ ಮೀಸೆ ಬಂದಿತ್ತು, ಮಾತಿನಲ್ಲಿ ಹಿಂದಿ ಬೆರೆತಿತ್ತು, ರಾಗಿಮುದ್ದೆ ಕಂಡು ಕಣ್ಣಲ್ಲಿ ನೀರು ಬಂದಿತ್ತು. ಅಲ್ಲಿ ಮೊದಲ ಸಂಜೆ ಊಟಕ್ಕೆ ಸಾಲು ನಿಂತಾಗ ಇವನು ಅಭ್ಯಾಸಬಲದಿಂದ ಎಲ್ಲರನ್ನೂ ಮುಂದೆ ಬಿಟ್ಟು ಬಿಟ್ಟು ಹಿಂದೆ ಸರಿಯುತ್ತಿದ್ದನಂತೆ. ಯಾವುದೋ ರಾಜ್ಯದ ಹುಡುಗನೊಬ್ಬ ಬೆನ್ನಿಗೆ ಕೈಕೊಟ್ಟು ಮುಂದೆ ನೂಕಿದನಂತೆ. ನನ್ನ ಬೆನ್ನು ಮುಟ್ಟಿ ಮುಂದಕ್ಕೆ ಹೋಗು ಅಂದವನು ಅವನೇ ಮೊದಲು ಕಣೇ ಪದ್ದಿ ಅಂತ ನನಗೊಬ್ಬಳಿಗೇ ಹೇಳಿದ. ನಾಗಸ್ವರ ಮುಟ್ಟಲಿಲ್ಲ. ತಾತನೂ ಮುಟ್ಟು ಅನ್ನಲಿಲ್ಲ. ಗುಡಿಯಲ್ಲಿ ಕೆಲವು ವರ್ಷ ಬರೀ ಶ್ರುತಿ ಮತ್ತು ಡೋಲು ಕೇಳಿಸಿತು. ನಡುವೆ ರಾಗ ಇರಬೇಕಾದ ಜಾಗ ಖಾಲಿ ಬಿಟ್ಟು ಇಬ್ಬರೂ ಅದರ ಎರಡು ಪಕ್ಕ ಕಾವಲು ಕೂತ ಹಾಗೆ. ಆಮೇಲೆ ತಾತ ಹೋದ, ಅಜ್ಜಿ ಹೋದಳು, ಗುಡಿಗೆ ಕರೆಂಟಿನಲ್ಲಿ ತಾನೇ ಬಾರಿಸಿಕೊಳ್ಳುವ ನಗಾರಿ, ಗಂಟೆ ಬಂದವು. ಮನೆ ಭಾಗವಾಗಿ, ಮಾರಿ, ಈಗ ಅಲ್ಲಿ ಯಾರದೋ ಟೊಮೇಟೊ ತುಂಬುವ ಶೆಡ್ಡು. ನಿಮ್ಮ ಮನೆಯ ಗೋಡೆಯಲ್ಲೂ ಒಂದು ಗೂಟ ಇದ್ದಿರಬೇಕು, ಅದರಲ್ಲಿ ಏನೋ ಒಂದು ತೂಗುತ್ತಿದ್ದಿರಬೇಕು. ಗೋಡೆ ಬೀಳಿಸುವವರು ಗೂಟವನ್ನು ನೋಡುವುದಿಲ್ಲ. ಚಿಕ್ಕಪ್ಪ ಸರ್ವೀಸು ಮುಗಿಸಿ, ಕಡೆಯ ಪೋಸ್ಟಿಂಗ್ ಆದ ಊರಿನಲ್ಲೇ ಮನೆ ಮಾಡಿಕೊಂಡು, ಹೋದ ವರ್ಷ ಅಲ್ಲೇ ತೀರಿಕೊಂಡ. ನಾನು ಹೋಗಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಇಷ್ಟೆಲ್ಲ ಆಗಿಯೂ, ಕಣ್ಣು ಮುಚ್ಚಿದರೆ ನನಗೆ ಕಾಣುವುದು ಅವನು ಹೊರಟ ಬೆಳಿಗ್ಗೆಯೇ. ಮಂಜು ಇನ್ನೂ ಕರಗಿರಲಿಲ್ಲ. ನಮ್ಮ ಅಂಗಳದ ಮುಂದೆಯೇ ರಸ್ತೆ, ಬಸ್ಸು ಕೈ ತೋರಿಸಿದರೆ ನಿಲ್ಲುತ್ತಿತ್ತು. ಹಸಿರು ಟ್ರಂಕು ಹೊಸ್ತಿಲಾಚೆ ಇಟ್ಟಿತ್ತು. ಅಮ್ಮ ಚಿತ್ರಾನ್ನದ ಗಂಟು ತಂದಳು. ತಾತ ಜಗಲಿಯ ಕಂಬಕ್ಕೆ ಒರಗಿ ರಸ್ತೆ ನೋಡುತ್ತಿದ್ದ. ಅಜ್ಜಿ ಬಟ್ಟಲಲ್ಲಿ ಮೊಸರು ಸಕ್ಕರೆ ಕಲಸಿ ತಂದು ಮಗನ ಬಾಯಿಗಿಡಲು ಕೈಯೆತ್ತಿದಳು. ಮೊಸರು ಬಾಯಿಗೆ ಮುಟ್ಟದೆ ಅವನ ಅಂಗಿಯ ಮೇಲೆ ಬಿತ್ತು. ಅಷ್ಟು ದಿನ ಪಿಸುಮಾತಿನಲ್ಲಿ ಬದುಕಿದವಳ ಗಂಟಲಿನಿಂದ ಒಂದು ಅಳು ಎದ್ದು ಬಂತು. ಹೊರಡುವವನ ಕಿವಿಗೆ ಅಳು ಬೀಳಬಾರದು. ಅದೂ ಇಂಥ ಕೆಲಸಕ್ಕೆ ಹೊರಡುವವನ ಕಿವಿಗೆ. ಅಮ್ಮ ಅಜ್ಜಿಯ ಬಾಯಿ ಮುಚ್ಚಲು ಓಡಿದಳು. ಅಷ್ಟರಲ್ಲಿ ತಾತ ಬಲಗೈಯೆತ್ತಿ ತೋರುಬೆರಳು ಅಲ್ಲಾಡಿಸಿದ.

ಮದುವೆಯಲ್ಲಿ ತಾಳಿ ಕಟ್ಟುವಾಗ ಪುರೋಹಿತರು ಬೆರಳೆತ್ತಿ ಹಾಗೆ ಅಲ್ಲಾಡಿಸುತ್ತಾರೆ. ಗಟ್ಟಿಮೇಳ. ಸೀನು, ಕೆಮ್ಮು, ಮಗುವಿನ ಅಳು, ಯಾರದೋ ಬಾಯಿಂದ ಜಾರಿದ ಕೆಟ್ಟ ಮಾತು ಯಾವುದೂ ಆ ಗಳಿಗೆಗೆ ತಾಗದ ಹಾಗೆ ಇದ್ದ ಬಲವನ್ನೆಲ್ಲ ಹಾಕಿ ಬಾರಿಸಬೇಕು, ಊದಬೇಕು. ಜೀವಮಾನವೆಲ್ಲ ಇನ್ನೊಬ್ಬರ ಬೆರಳು ನೋಡಿ ಊದಿದ ತಾತ ತನ್ನ ಬೆರಳು ಎತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಪ್ಪ ಒಳಗೆ ಓಡಿ ಡೋಲು ಕಿತ್ತುಕೊಂಡು ಬಂದು, ಬೆರಳು ಒಡೆಯದಿರಲಿ ಅಂತ ತೊಡುವ ಗೂಡು ಹಾಕಿಕೊಳ್ಳಲೂ ಪುರುಸೊತ್ತಿಲ್ಲದೆ ಬರಿಗೈಯಲ್ಲೇ ಬಡಿಯತೊಡಗಿದ. ಆದರೆ ಬರೀ ಡೋಲು ಗಟ್ಟಿಮೇಳವಾಗುವುದಿಲ್ಲ, ಡಂಗೂರವಾಗುತ್ತದೆ. ತಾತ ಚಿಕ್ಕಪ್ಪನ ಕಡೆ ನೋಡಿದ. ಅಷ್ಟು ದಿನದ ಮೇಲೆ ಮೊದಲ ಸಲ ನೇರವಾಗಿ ನೋಡಿದ. ಚಿಕ್ಕಪ್ಪ ಒಳಗೆ ಹೋದ, ಚೀಲ ಬಿಚ್ಚುತ್ತಲೇ ಬಂದ, ಒಣಗಿದ ಪೀಪಿಯನ್ನು ಬಾಯಲ್ಲಿ ಹೊರಳಿಸಿ ಒದ್ದೆ ಮಾಡಿಕೊಂಡು ನಾಗಸ್ವರದ ತುದಿಗೆ ಸಿಕ್ಕಿಸಿ, ಊದಿದ. ಗಟ್ಟಿಮೇಳಕ್ಕೆ ರಾಗವಿಲ್ಲ, ತಾಳವಿಲ್ಲ. ಸ್ವರಗಳು ಮೂಟೆ ಬಿಚ್ಚಿದ ಹಾಗೆ ಉರುಳುತ್ತವೆ ಅಷ್ಟೇ. ಆ ಸದ್ದಿಗೆ ಹುಣಸೇಮರದ ಹಕ್ಕಿಗಳೆಲ್ಲ ಎದ್ದವು. ಅದರ ಅಡಿಯಲ್ಲಿ ಅಜ್ಜಿ ಬಾಯ್ತೆರೆದು ಅತ್ತಳು. ಅವಳ ಬಾಯಿ ತೆರೆದಿರುವುದು ಕಾಣುತ್ತಿತ್ತು, ಕುತ್ತಿಗೆಯ ನರ ಕಾಣುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಮಗ ತಾಯಿಯ ಮುಖವನ್ನೇ ನೋಡುತ್ತ, ಅವಳು ಉಸಿರು ತೆಗೆದುಕೊಂಡಾಗಲೂ ತಾನು ತೆಗೆದುಕೊಳ್ಳದೆ, ಊದುತ್ತಲೇ ಇದ್ದ.

ಬಸ್ಸು ಬಂತು. ಚಿಕ್ಕಪ್ಪ ನಾಗಸ್ವರವನ್ನು ತಾತನ ಕೈಗಿಟ್ಟು ಕಾಲಿಗೆ ಬಿದ್ದ. ತಾತ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎಡಗೈಯನ್ನು ಆ ಕತ್ತರಿಸಿದ ಕೂದಲಿನ ಮೇಲೆ ಇಟ್ಟ. ಬಲಗೈ ಬೆರಳು ಹಾಗೇ ಎತ್ತಿತ್ತು. ಡೋಲು ನಿಲ್ಲಬಾರದಲ್ಲ. ಬಸ್ಸು ಹೊರಟು, ಕೆರೆಕಟ್ಟೆಯ ತಿರುವಿನಲ್ಲಿ ಅದರ ಹಿಂದಿನ ಕೆಂಪು ದೀಪ ಮಂಜಿನೊಳಗೆ ಹೋದ ಮೇಲೆ ಬೆರಳು ಇಳಿಯಿತು. ಅಪ್ಪ ಬಾರಿಸುವುದನ್ನು ನಿಲ್ಲಿಸಿ ಕೈ ನೋಡಿಕೊಂಡ, ಬೆರಳ ಗೆಣ್ಣುಗಳು ಒಡೆದಿದ್ದವು.

ತಾತ ಅಜ್ಜಿಯ ಕಡೆ ತಿರುಗದೆಯೇ ಹೇಳಿದ. "ಬಸ್ಸು ಹೋಯ್ತು. ಇನ್ನು ಅತ್ಕೋ."

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನಂದು ಆಯ್ತು. ನೀನು ಅತ್ಕೋ" ಅಂದು, ಖಾಲಿ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಊದಿದ ಮೇಲೆ ಪೀಪಿಯನ್ನು ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಡಬೇಕು. ಇಲ್ಲದಿದ್ದರೆ ಎಂಜಲು ಕೂತು ಕೆಡುತ್ತದೆ. ತಾತ ಜಗಲಿಯ ಮೇಲೆ ಕೂತ. ಪೀಪಿಯನ್ನು ಬಿಡಿಸಿಕೊಂಡ. ನಾನು ಒಳಗಿನಿಂದ ಬಟ್ಟೆ ತಂದು ಕೊಟ್ಟೆ. ಅವನು ಬಟ್ಟೆ ತೆಗೆದುಕೊಳ್ಳಲಿಲ್ಲ. ಒದ್ದೆ ಪೀಪಿಯನ್ನು ಅಂಗೈಯಲ್ಲಿಟ್ಟು, ಬೆರಳು ಮಡಿಸಿ, ಬಿಸಿಲು ಜಗಲಿಗೆ ಬಂದ ಮೇಲೂ ಮುಷ್ಟಿ ಬಿಚ್ಚದೆ ಕೂತೇ ಇದ್ದ.